ಬೀಳದ ದೇಹ ಮತ್ತು ಪೊಲೀಸರ ಗುಂಡು

ನಮ್ಮಪ್ಪ ಪೊಲೀಸ್ ಇಲಾಖೆಯ ಸಶಸ್ತ್ರ ಮೀಸಲು ಪಡೆಯಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತರಾದವರು. ಖಜಾನೆಯ ಕಾವಲು, ಕೈದಿಗಳ ಬೆಂಗಾವಲು, ಜಾತ್ರೆ ಮತ್ತು ಚುನಾವಣೆಯ ಬಂದೋಬಸ್ತು ಇವೇ ಅವರ ಕೆಲಸ. ಅವರ ಬಾಯಲ್ಲಿ ಬಂದೂಕು ಅಂದರೆ ‘ತ್ರೀ ನಾಟ್ ತ್ರೀ’ ಒಂದೇ. ಹತ್ತಿರ ಹತ್ತಿರ ನಾಲ್ಕು ಕಿಲೋ ತೂಗುವ ಆ ರೈಫಲನ್ನು ಅಷ್ಟು ವರ್ಷ ಹೊತ್ತರೂ ಒಮ್ಮೆಯೂ ಮನುಷ್ಯನ ಮೇಲೆ ಹಾರಿಸಿದವರಲ್ಲ. ವರ್ಷಕ್ಕೊಮ್ಮೆ ಫೈರಿಂಗ್ ಪ್ರಾಕ್ಟೀಸಿಗೆ ಹೋಗಿ ಬಂದ ದಿನ ರಾತ್ರಿ ಅಮ್ಮ ಅವರ ಬಲಭುಜಕ್ಕೆ ಬಿಸಿನೀರಿನ ಬಟ್ಟೆಯ ಶಾಖ ಕೊಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಬಂದೂಕು ಎದುರಿನವರನ್ನಷ್ಟೇ ಅಲ್ಲ, ಹಿಡಿದವರನ್ನೂ ಒದೆಯುತ್ತದೆ ಎಂದು ನಾನು ತಿಳಿದದ್ದು ಹಾಗೆ.

ನನ್ನ ಸಂಶೋಧನೆ ವಸಾಹತು ಕಾಲದ ಪೊಲೀಸರಿಗೆ ಆಯುಧ ಒದಗಿಸಿದ ನೀತಿಗಳ ಕುರಿತದ್ದು. ಹೋದ ವರ್ಷ ಒಂದು ಅಧ್ಯಾಯ ಬರೆಯುತ್ತಿದ್ದಾಗ, ಪೊಲೀಸ್ ಇಲಾಖೆಗಳು ತಮ್ಮ ಆಯುಧವನ್ನು, ಅದರಲ್ಲೂ ಗುಂಡಿನ ಅಳತೆಯನ್ನು, ಯಾಕೆ ಬದಲಾಯಿಸುತ್ತವೆ ಎಂಬ ಪ್ರಶ್ನೆಯಲ್ಲಿ ಸಿಕ್ಕಿಕೊಂಡೆ. ಊರಿಗೆ ಹೋದಾಗ ಅಪ್ಪನನ್ನೇ ಕೇಳಿದೆ. ಪೇಪರಿನಿಂದ ತಲೆ ಎತ್ತದೆ ಅವರು ಹೇಳಿದ್ದು ಇಷ್ಟು: “ಯಾರಾದ್ರೂ ಸತ್ತಮೇಲೆ ಬದಲಾಯಿಸ್ತಾರೆ ಪುಟ್ಟಿ. ಅದಕ್ಕೂ ಮುಂಚೆ ಯಾರು ಫೈಲು ನೋಡ್ತಾರೆ?”

ಆ ಮಾತು ಎಷ್ಟರಮಟ್ಟಿಗೆ ನಿಜ ಎಂದು ನೋಡಲು ಒಂದು ಘಟನೆಯನ್ನು ಎತ್ತಿಕೊಳ್ಳುತ್ತೇನೆ. ಅದು ನಮ್ಮ ದೇಶದ್ದಲ್ಲ, ಅಮೆರಿಕದ್ದು. ಗುಂಡಿನ ಅಳತೆಯ ಬಗ್ಗೆ ಅಷ್ಟೊಂದು ಕಾಗದ, ಅಷ್ಟೊಂದು ವಾದ, ಅಷ್ಟೊಂದು ಹಣ ಖರ್ಚು ಮಾಡಿದ ಪೊಲೀಸ್ ವ್ಯವಸ್ಥೆ ಇನ್ನೊಂದಿಲ್ಲ.

ಮೊದಲು ಕ್ಯಾಲಿಬರ್ ಎಂದರೇನು ಎಂದು ಹೇಳಿಬಿಡಬೇಕು. ನಳಿಗೆಯ ಒಳಗಿನ ಅಗಲ, ಅಂದರೆ ಹೆಚ್ಚುಕಡಿಮೆ ಗುಂಡಿನ ದಪ್ಪ, ಕ್ಯಾಲಿಬರ್. ಅಮೆರಿಕನ್ನರು ಮತ್ತು ಬ್ರಿಟಿಷರು ಅದನ್ನು ಇಂಚಿನ ಭಾಗದಲ್ಲಿ ಹೇಳುತ್ತಾರೆ, ಯೂರೋಪಿನವರು ಮಿಲಿಮೀಟರಿನಲ್ಲಿ. ಆದರೆ ಈ ಸಂಖ್ಯೆಗಳನ್ನು ಪೂರ್ತಿ ನಂಬುವಂತಿಲ್ಲ. ಅಮೆರಿಕದ ಪೊಲೀಸರು ಬಹುಕಾಲ ಬಳಸಿದ .38 ಸ್ಪೆಷಲ್ ಗುಂಡಿನ ನಿಜವಾದ ದಪ್ಪ ಸುಮಾರು .357 ಇಂಚು. 1935ರಲ್ಲಿ ಬಂದ, ಹೆಚ್ಚು ಮದ್ದು ತುಂಬಿದ .357 ಮ್ಯಾಗ್ನಮ್ ಗುಂಡಿನದೂ ಅದೇ ದಪ್ಪ. ಜರ್ಮನಿಯ 9 ಮಿ.ಮೀ. ಗುಂಡು ಸುಮಾರು .355 ಇಂಚು. ಮೂರರ ನಡುವಿನ ವ್ಯತ್ಯಾಸ ಇಂಚಿನ ಸಾವಿರದಲ್ಲಿ ಎರಡು ಭಾಗ. ಆದರೂ ಈ ಮೂರು ಹೆಸರುಗಳನ್ನು ಹಿಡಿದು ದಶಕಗಟ್ಟಲೆ ಜಗಳವಾಗಿದೆ. ಬದಲಾಗುವುದು ದಪ್ಪವೊಂದೇ ಅಲ್ಲ. ಹಿಂದಿರುವ ಮದ್ದು, ಗುಂಡಿನ ತೂಕ, ವೇಗ, ತಾಗಿದ ಮೇಲೆ ಅದು ಅರಳುವ ರೀತಿ ಎಲ್ಲವೂ ಬದಲಾಗುತ್ತವೆ. ಸಂಖ್ಯೆ ಆ ಎಲ್ಲದಕ್ಕೂ ಇಟ್ಟ ಅಡ್ಡಹೆಸರು.

ಈಗ ಘಟನೆಗೆ ಬರೋಣ. 1986ರ ಏಪ್ರಿಲ್ 11, ಶುಕ್ರವಾರ ಬೆಳಗ್ಗೆ. ಫ್ಲಾರಿಡಾದ ಮಯಾಮಿ ನಗರದ ದಕ್ಷಿಣಕ್ಕಿರುವ ಒಂದು ವಸತಿ ಬಡಾವಣೆ. ಬ್ಯಾಂಕ್ ಮತ್ತು ಹಣ ಸಾಗಿಸುವ ವಾಹನಗಳನ್ನು ದೋಚುತ್ತಿದ್ದ ಮೈಕಲ್ ಪ್ಲಾಟ್ ಮತ್ತು ವಿಲಿಯಂ ಮ್ಯಾಟಿಕ್ಸ್ ಎಂಬ ಇಬ್ಬರ ಕಾರನ್ನು ಎಫ್‌ಬಿಐ ಏಜೆಂಟರು ಗುರುತಿಸಿ, ತಮ್ಮ ಕಾರುಗಳಿಂದ ಡಿಕ್ಕಿ ಹೊಡೆದು ನಿಲ್ಲಿಸಿದರು. ಅಲ್ಲಿದ್ದ ಏಜೆಂಟರು ಎಂಟು ಜನ, ಎದುರಿಗೆ ಇಬ್ಬರು. ಐದು ನಿಮಿಷದೊಳಗೆ ನೂರನಲವತ್ತಕ್ಕೂ ಹೆಚ್ಚು ಗುಂಡುಗಳು ಹಾರಿದವು. ಕೊನೆಗೆ ಜೆರ್ರಿ ಡವ್ ಮತ್ತು ಬೆಂಜಮಿನ್ ಗ್ರೋಗನ್ ಎಂಬ ಇಬ್ಬರು ಏಜೆಂಟರು ಸತ್ತಿದ್ದರು, ಐವರು ಗಾಯಗೊಂಡಿದ್ದರು. ಪ್ಲಾಟ್ ಮತ್ತು ಮ್ಯಾಟಿಕ್ಸ್ ಕೂಡ ಸತ್ತರು.

ಈ ಐದು ನಿಮಿಷಗಳಲ್ಲಿ ಹಾರಿದ ಒಂದೇ ಒಂದು ಗುಂಡು ಮುಂದಿನ ಮೂವತ್ತು ವರ್ಷಗಳ ಚರ್ಚೆಗೆ ಕಾರಣವಾಯಿತು. ಕಾಳಗದ ಆರಂಭದಲ್ಲೇ ಪ್ಲಾಟ್ ತನ್ನ ಕಾರಿನ ಕಿಟಕಿಯಿಂದ ಹೊರಬರುತ್ತಿದ್ದಾಗ ಡವ್ ಹಾರಿಸಿದ 9 ಮಿ.ಮೀ. ಗುಂಡು ಅವನ ಬಲತೋಳನ್ನು ತೂರಿಕೊಂಡು, ಎದೆಗೂಡನ್ನು ಹೊಕ್ಕು, ಬಲ ಶ್ವಾಸಕೋಶವನ್ನು ಹರಿದು, ಹೃದಯಕ್ಕೆ ಸುಮಾರು ಒಂದು ಇಂಚು ಇರುವಾಗ ನಿಂತುಬಿಟ್ಟಿತು. ಉಳಿಯಲಾಗದಂಥ ಗಾಯ ಅದು. ಆದರೆ ಅವನು ತಕ್ಷಣ ಬೀಳಲಿಲ್ಲ. ಕೈಯಲ್ಲಿದ್ದ ರುಗರ್ ಮಿನಿ-14 ರೈಫಲ್ ಹಿಡಿದು ಮುಂದೆ ನಡೆದು ಬಂದ. ಡವ್ ಮತ್ತು ಗ್ರೋಗನ್ ಸತ್ತದ್ದು ಆ ಗುಂಡು ತಾಗಿದ ಮೇಲೆ. ಕೊನೆಗೆ ಎಡಗೈ ಪುಡಿಯಾಗಿದ್ದ ಎಡ್ಮಂಡೊ ಮಿರೆಲೆಸ್ ಎಂಬ ಏಜೆಂಟ್ ಒಂದೇ ಕೈಯಲ್ಲಿ ಶಾಟ್‌ಗನ್ ಎಳೆದು ಐದು ಸಲ ಹಾರಿಸಿ, ಅದು ಖಾಲಿಯಾದಾಗ ರಿವಾಲ್ವರ್ ತೆಗೆದು ಕಾಳಗ ಮುಗಿಸಿದ. ಅಷ್ಟರಲ್ಲಿ ಪ್ಲಾಟನಿಗೆ ಹನ್ನೆರಡು, ಮ್ಯಾಟಿಕ್ಸನಿಗೆ ಆರು ಗಾಯಗಳಾಗಿದ್ದವು. ಶವಪರೀಕ್ಷೆಯಲ್ಲಿ ಇಬ್ಬರ ದೇಹದಲ್ಲೂ ಮಾದಕ ವಸ್ತು ಸಿಗಲಿಲ್ಲ.

ಈ ಕಥೆಯನ್ನು ಬೇರೆ ಬೇರೆ ತುದಿಯಿಂದ ಹೇಳಬಹುದು. ಕಾರುಗಳು ಡಿಕ್ಕಿ ಹೊಡೆದ ರಭಸಕ್ಕೆ ಗ್ರೋಗನ್ ಅವರ ಕನ್ನಡಕ ಬಿದ್ದುಹೋಯಿತು. ಆ ತಂಡದಲ್ಲಿ ಒಳ್ಳೆಯ ಗುರಿಕಾರ ಎಂದು ಹೆಸರಾಗಿದ್ದವರು ಅವರೇ. ಇನ್ನೊಬ್ಬ ಏಜೆಂಟ್ ಕೈಗೆ ಸಿಗುವಂತೆ ಇಟ್ಟುಕೊಂಡಿದ್ದ ರಿವಾಲ್ವರ್ ಅದೇ ಡಿಕ್ಕಿಯಲ್ಲಿ ಎಲ್ಲೋ ಸಿಡಿದುಹೋಯಿತು. ಕಾರ್ಯಾಚರಣೆಯ ಬೇರೆ ಕಾರುಗಳಲ್ಲಿದ್ದ ಭಾರಿ ಆಯುಧಗಳು ಆ ಸ್ಥಳಕ್ಕೆ ತಲುಪಲಿಲ್ಲ. ಎದುರಾಳಿಯ ಕೈಯಲ್ಲಿದ್ದದ್ದು ರೈಫಲ್, ಏಜೆಂಟರಲ್ಲಿ ಹೆಚ್ಚಿನವರ ಕೈಯಲ್ಲಿದ್ದದ್ದು ರಿವಾಲ್ವರ್. ಹೀಗೆ ಯೋಜನೆಯ ಕಥೆ, ಕನ್ನಡಕದ ಕಥೆ, ರೈಫಲಿನ ಕಥೆ ಎಂದು ಎಷ್ಟು ಬೇಕಾದರೂ ಹೇಳಬಹುದಿತ್ತು. ಅವೆಲ್ಲ ಚರ್ಚೆಯಾದವು ಕೂಡ. ಆದರೆ ಸಂಸ್ಥೆಯ ನೆನಪಿನಲ್ಲಿ ಗಟ್ಟಿಯಾಗಿ ನಿಂತದ್ದು ಹೃದಯಕ್ಕೆ ಒಂದು ಇಂಚು ಕಡಿಮೆ ಬಿದ್ದ ಆ ಗುಂಡು. ಗುಂಡನ್ನು ಬದಲಾಯಿಸಬಹುದು, ಟೆಂಡರ್ ಕರೆಯಬಹುದು, ಆದೇಶ ಹೊರಡಿಸಬಹುದು. ಬಿದ್ದುಹೋದ ಕನ್ನಡಕಕ್ಕೆ ಟೆಂಡರ್ ಕರೆಯಲು ಬರುವುದಿಲ್ಲ.

1987ರ ಸೆಪ್ಟೆಂಬರಿನಲ್ಲಿ ವರ್ಜೀನಿಯಾದ ಕ್ವಾಂಟಿಕೋದಲ್ಲಿರುವ ತನ್ನ ಅಕಾಡೆಮಿಯಲ್ಲಿ ಎಫ್‌ಬಿಐ ವೈದ್ಯರನ್ನೂ ತಜ್ಞರನ್ನೂ ಸೇರಿಸಿ ಒಂದು ವಿಚಾರ ಸಂಕಿರಣ ನಡೆಸಿತು. ವಿಯೆಟ್ನಾಂ ಯುದ್ಧದಲ್ಲಿ ಶಸ್ತ್ರಚಿಕಿತ್ಸಕರಾಗಿದ್ದ, ಆಮೇಲೆ ಸೇನೆಯ ಪ್ರಯೋಗಾಲಯದಲ್ಲಿ ಗುಂಡಿನ ಗಾಯಗಳನ್ನು ಅಧ್ಯಯನ ಮಾಡಿದ ಮಾರ್ಟಿನ್ ಫ್ಯಾಕ್ಲರ್ ಅಲ್ಲಿದ್ದರು. ದೇಹದ ಮಾಂಸದ ಬದಲಿಗೆ ಹತ್ತು ಶೇಕಡ ಜೆಲಟಿನ್ ಬೆರೆಸಿದ ಗಟ್ಟಿ ಲೋಳೆಯ ಮೇಲೆ ಗುಂಡು ಹಾರಿಸಿ ಅದು ಎಷ್ಟು ಆಳ ಹೋಗುತ್ತದೆಂದು ಅಳೆಯುವುದು ಅವರ ವಿಧಾನ. ಇದನ್ನು ಆಧರಿಸಿ ಎಫ್‌ಬಿಐ ಒಂದು ಪರೀಕ್ಷಾ ಕ್ರಮ ರೂಪಿಸಿತು. ದಪ್ಪ ಬಟ್ಟೆ, ಉಕ್ಕಿನ ತಗಡು, ಗೋಡೆಯ ಹಲಗೆ, ಪ್ಲೈವುಡ್, ಕಾರಿನ ಗಾಜು ಇವುಗಳನ್ನು ದಾಟಿಯೂ ಗುಂಡು ಜೆಲಟಿನ್‌ನಲ್ಲಿ ಕನಿಷ್ಠ 12 ಇಂಚು ಹೋಗಬೇಕು, 18 ಇಂಚು ಮೀರಬಾರದು. ಮೇಲ್ನೋಟಕ್ಕೆ ಹನ್ನೆರಡು ಇಂಚು ವಿಪರೀತ ಅನ್ನಿಸುತ್ತದೆ, ಮನುಷ್ಯನ ಎದೆ ಅಷ್ಟು ದಪ್ಪವಿಲ್ಲವಲ್ಲ ಎಂದು. ಆದರೆ ಪ್ಲಾಟನಂತೆ ತೋಳು ಅಡ್ಡವಿದ್ದರೆ? ಒಬ್ಬ ಮನುಷ್ಯನ ತೋಳಿನ ಭಂಗಿ ಹೀಗೆ ಇಡೀ ದೇಶದ ಪೊಲೀಸರ ಮಾನದಂಡದೊಳಗೆ ಸೇರಿಹೋಯಿತು.

1989ರಲ್ಲಿ ಅದೇ ಸಂಸ್ಥೆಯ ಯೂರಿ ಪ್ಯಾಟ್ರಿಕ್ ಒಂದು ಟಿಪ್ಪಣಿ ಬರೆದರು. ಸಿನಿಮಾ ನೋಡಿ ಬೆಳೆದ ನಮಗೆ ಅದನ್ನು ಓದಿದರೆ ಕೊಂಚ ಗಾಬರಿಯಾಗುತ್ತದೆ. ಪಿಸ್ತೂಲಿನ ಗುಂಡು ಯಾರನ್ನೂ ಎತ್ತಿ ಹಿಂದಕ್ಕೆ ಎಸೆಯುವುದಿಲ್ಲ. ತಾಗಿದವನಿಗೆ ಬೀಳುವ ತಳ್ಳು ಹಾರಿಸಿದವನ ಕೈಗೆ ಬೀಳುವ ಒದೆತಕ್ಕಿಂತ ಹೆಚ್ಚಿರುವುದಿಲ್ಲ. ಮಿದುಳಿಗೋ ಕುತ್ತಿಗೆಯ ಬೆನ್ನುಹುರಿಗೋ ತಾಗಿದರೆ ಮಾತ್ರ ಮನುಷ್ಯ ತಕ್ಷಣ ಕುಸಿಯುತ್ತಾನೆ. ಹೃದಯ ಪೂರ್ತಿ ನಾಶವಾದರೂ ಹತ್ತು ಹದಿನೈದು ಸೆಕೆಂಡು ಕೈಕಾಲು ಆಡಿಸಲು ಬೇಕಾದ ಆಮ್ಲಜನಕ ಮಿದುಳಿನಲ್ಲಿ ಉಳಿದಿರುತ್ತದೆ. ಅಂದರೆ ಆ ಒಂದು ಇಂಚನ್ನು ಡವ್ ಅವರ ಗುಂಡು ದಾಟಿದ್ದರೂ ಪ್ಲಾಟ್ ಕೆಲವು ಸೆಕೆಂಡು ನಿಂತಿರುತ್ತಿದ್ದ ಸಾಧ್ಯತೆ ಇತ್ತು.

ಆದರೂ ಹುಡುಕಾಟ ದೊಡ್ಡ ಗುಂಡಿನ ಕಡೆಗೇ ಹೋಯಿತು. ಎಫ್‌ಬಿಐ 10 ಮಿ.ಮೀ. ಪಿಸ್ತೂಲನ್ನು ಆರಿಸಿಕೊಂಡಿತು. ಪೂರ್ತಿ ಮದ್ದು ತುಂಬಿದ 10 ಮಿ.ಮೀ. ಗುಂಡಿನ ಒದೆತ ಬಹಳ ಏಜೆಂಟರಿಗೆ ಹಿಡಿತಕ್ಕೆ ಸಿಗುವಂಥದ್ದಾಗಿರಲಿಲ್ಲ. ಆದ್ದರಿಂದ ಮದ್ದು ಕಡಿಮೆ ಮಾಡಿ, ವೇಗ ಇಳಿಸಿ ಬಳಸಿದರು. ಮದ್ದು ಕಡಿಮೆಯಾದ ಮೇಲೆ ಅಷ್ಟುದ್ದದ ತೋಟಾ ಯಾಕೆ ಬೇಕು? ಸ್ಮಿತ್ ಆಂಡ್ ವೆಸ್ಸನ್ ಮತ್ತು ವಿಂಚೆಸ್ಟರ್ ಕಂಪನಿಗಳು ತೋಟಾವನ್ನು ಕತ್ತರಿಸಿ ಗಿಡ್ಡ ಮಾಡಿ, 1990ರ ಜನವರಿಯಲ್ಲಿ .40 ಎಂಬ ಹೊಸ ಕ್ಯಾಲಿಬರನ್ನು ಹೊರತಂದವು. ದಪ್ಪ ಅದೇ 10 ಮಿ.ಮೀ., ಉದ್ದ ಮಾತ್ರ ಕಡಿಮೆ. ಹೀಗಾಗಿ ಅದು 9 ಮಿ.ಮೀ. ಪಿಸ್ತೂಲಿನಷ್ಟೇ ದೊಡ್ಡ ಹಿಡಿಯಲ್ಲಿ ಕೂರುತ್ತಿತ್ತು. ಸ್ಮಿತ್ ಆಂಡ್ ವೆಸ್ಸನ್ ಹೆಸರಿನ ಎರಡು ಅಕ್ಷರ ಹಿಡಿದು ‘ಗಿಡ್ಡ ಮತ್ತು ದುರ್ಬಲ’ ಎಂದು ಹಳೆಯ ಕೈಗಳು ಗೇಲಿ ಮಾಡಿದವು. ಗೇಲಿಯ ನಡುವೆಯೇ ಅದು ಅಮೆರಿಕದ ಪೊಲೀಸರಿಗೆಲ್ಲ ಹರಡಿತು. 1997ರಲ್ಲಿ ಎಫ್‌ಬಿಐ ಸ್ವತಃ .40 ಗ್ಲಾಕ್ ಪಿಸ್ತೂಲುಗಳನ್ನು ಹಿಡಿಯಿತು.

ಹರಡಲು ಕಾರಣ ಬರೀ ಮಯಾಮಿಯಲ್ಲ. ಸಣ್ಣ ಊರಿನ ಪೊಲೀಸ್ ಇಲಾಖೆಗೆ ತನ್ನದೇ ಪ್ರಯೋಗಾಲಯ ಇರುವುದಿಲ್ಲ, ಎಫ್‌ಬಿಐ ಹೇಳಿದ್ದೇ ಅದಕ್ಕೆ ವೇದ. ಜೊತೆಗೆ ವ್ಯಾಪಾರವಿತ್ತು. ಪೊಲೀಸರ ಹಳೆಯ ಪಿಸ್ತೂಲುಗಳನ್ನು ವಾಪಸು ತೆಗೆದುಕೊಂಡು, ಅದರ ಬೆಲೆಯನ್ನು ಹೊಸದರಲ್ಲಿ ಕಳೆದು ಕೊಡುವುದನ್ನು ಗ್ಲಾಕ್‌ನಂಥ ಕಂಪನಿಗಳು ರೂಢಿ ಮಾಡಿಕೊಂಡವು. ಹಳೆಯವು ಅಂಗಡಿಗಳ ಮೂಲಕ ಸಾಮಾನ್ಯರ ಕೈ ಸೇರುತ್ತಿದ್ದವು. ನಮ್ಮೂರಿನ ಹಳೆ ಟಿವಿ ಕೊಟ್ಟು ಹೊಸದು ಒಯ್ಯುವ ಎಕ್ಸ್‌ಚೇಂಜ್ ಮೇಳದ ಹಾಗೆ. ಕ್ಯಾಲಿಬರ್ ಬದಲಾವಣೆಯ ಇತಿಹಾಸವನ್ನು ಭಯದ ಇತಿಹಾಸವೆಂದು ಮಾತ್ರ ಓದಿದರೆ ಈ ಲೆಕ್ಕದ ಪುಸ್ತಕ ಕಣ್ತಪ್ಪುತ್ತದೆ.

ಆಮೇಲೆ 2014ರಲ್ಲಿ ಎಫ್‌ಬಿಐಯ ತರಬೇತಿ ವಿಭಾಗ ಒಂದು ಸಮರ್ಥನೆಯ ಟಿಪ್ಪಣಿ ಸಿದ್ಧಪಡಿಸಿತು. ಅದರ ತೀರ್ಮಾನ: 9 ಮಿ.ಮೀ.ಗೆ ಮರಳಬೇಕು. ಹೊಸ ಬಗೆಯ ಗುಂಡುಗಳನ್ನು ಹಾರಿಸಿ ನೋಡಿದರೆ 9 ಮಿ.ಮೀ.ನಿಂದ .45ರವರೆಗೆ ಗಾಯದ ಜಾಡಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣುವುದಿಲ್ಲ. ಪೊಲೀಸರು ಹಾರಿಸಿದ ಗುಂಡುಗಳಲ್ಲಿ ನೂರಕ್ಕೆ ಎಪ್ಪತ್ತರಿಂದ ಎಂಬತ್ತು ಗುರಿಗೆ ತಾಗುವುದೇ ಇಲ್ಲ. ಹಾಗಿದ್ದ ಮೇಲೆ ಒದೆತ ಕಡಿಮೆ ಇರುವ, ಬೇಗ ಮತ್ತೆ ಗುರಿ ಹಿಡಿಯಲು ಬಿಡುವ, ಹೆಚ್ಚು ತೋಟಾ ಹಿಡಿಸುವ, ಕಡಿಮೆ ಖರ್ಚಿನ, ಪಿಸ್ತೂಲನ್ನೂ ಕಡಿಮೆ ಸವೆಸುವ ಗುಂಡೇ ಮೇಲು. 2016ರಲ್ಲಿ ಹೊಸ 9 ಮಿ.ಮೀ. ಪಿಸ್ತೂಲುಗಳಿಗೆ ಗುತ್ತಿಗೆಯಾಯಿತು. ಬೇರೆ ಇಲಾಖೆಗಳೂ ಒಂದೊಂದಾಗಿ ಹಿಂದೆ ಬಂದವು. ಡವ್ ಸತ್ತ ದಿನ ಅವರ ಕೈಯಲ್ಲಿದ್ದ ಕ್ಯಾಲಿಬರಿಗೇ ಮೂವತ್ತು ವರ್ಷಗಳ ನಂತರ ಅವರ ಸಂಸ್ಥೆ ವಾಪಸು ಬಂದಿತ್ತು.

ಹಾಗಾದರೆ ಆ ಮೂವತ್ತು ವರ್ಷ ವ್ಯರ್ಥವೇ? ಅಲ್ಲ ಎಂದೇ ನನಗನ್ನಿಸುತ್ತದೆ. 2014ರ 9 ಮಿ.ಮೀ. ಗುಂಡು 1986ರದ್ದಲ್ಲ. ಜೆಲಟಿನ್ ಪರೀಕ್ಷೆ ಎಂಬ ಮಾನದಂಡ ಇದ್ದದ್ದರಿಂದಲೇ ಗುಂಡು ತಯಾರಿಸುವವರು ಅದನ್ನು ದಾಟುವ ಹಾಗೆ ರೂಪಿಸಿದರು. ಹೆಸರು ಮಾತ್ರ ಹಳೆಯದು.

ಇಲ್ಲಿ ನನ್ನ ಅಧ್ಯಾಯದ ವಿಚಾರಕ್ಕೆ ಬರುತ್ತೇನೆ. ನಾನು ಮಯಾಮಿಯ ಬಗ್ಗೆ ಓದುವ ಮೊದಲೇ ನನ್ನ ಬಳಿ ಒಂದು ಸಿದ್ಧ ವಾದವಿತ್ತು. ಆಳುವವರು ಗುಂಡನ್ನು ದೊಡ್ಡದು ಮಾಡಿದಾಗಲೆಲ್ಲ ಎದುರಿಗೆ ‘ಬೀಳದ ದೇಹ’ವೊಂದನ್ನು ಕಲ್ಪಿಸಿಕೊಂಡಿರುತ್ತಾರೆ, ಮತ್ತು ಆ ದೇಹದ ಬಣ್ಣ ಯಾವಾಗಲೂ ಕಪ್ಪು ಅಥವಾ ಕಂದು ಎಂಬುದು ಆ ವಾದ. ಅದಕ್ಕೆ ಪುರಾವೆಗಳ ಕೊರತೆಯೂ ಇರಲಿಲ್ಲ.

ಮೊದಲ ಪುರಾವೆ ನಮ್ಮ ನೆಲದ್ದೇ. ಕಲ್ಕತ್ತಾದ ವಿಮಾನ ನಿಲ್ದಾಣದಿಂದಾಗಿ ಡಂಡಂ ಎಂಬ ಹೆಸರು ನಮಗೆ ಪರಿಚಿತ. 1890ರ ದಶಕದಲ್ಲಿ ಅಲ್ಲಿದ್ದ ಮದ್ದುಗುಂಡಿನ ಕಾರ್ಖಾನೆಯಲ್ಲಿ ಬರ್ಟಿ-ಕ್ಲೇ ಎಂಬ ಬ್ರಿಟಿಷ್ ಅಧಿಕಾರಿ .303 ಗುಂಡಿನ ತುದಿಯ ಲೋಹದ ಹೊದಿಕೆಯನ್ನು ತೆಗೆದು ಒಳಗಿನ ಸೀಸ ಕಾಣುವಂತೆ ಮಾಡಿದ. ತಾಗಿದೊಡನೆ ಅದು ಅರಳಿ ಹರಿಯುತ್ತಿತ್ತು. ಹೊಸ .303 ಗುಂಡು ವಾಯವ್ಯ ಗಡಿಯ ಬುಡಕಟ್ಟಿನವರನ್ನು ತೂರಿಕೊಂಡು ಹೋಗುತ್ತದೆ, ಅವರು ಬೀಳುವುದಿಲ್ಲ ಎಂಬುದು ಚಿತ್ರಾಲ್ ದಂಡಯಾತ್ರೆಯ ನಂತರ ಕೇಳಿಬಂದ ದೂರು. 1899ರಲ್ಲಿ ಹೇಗ್ ಶಾಂತಿ ಸಮ್ಮೇಳನ ಅರಳುವ ಗುಂಡುಗಳನ್ನು ಯುದ್ಧದಲ್ಲಿ ನಿಷೇಧಿಸಲು ಹೊರಟಾಗ ಬ್ರಿಟಿಷ್ ಪ್ರತಿನಿಧಿ ಸರ್ ಜಾನ್ ಅರ್ಡಾಗ್ ಎದ್ದು ನಿಂತು ವಾದಿಸಿದ: ನಾಗರಿಕ ಸೈನಿಕ ಗಾಯವಾದರೆ ತಾನೇ ಹಿಂದೆ ಸರಿಯುತ್ತಾನೆ, ಅನಾಗರಿಕ ಮಾತ್ರ ಎರಡು ಮೂರು ಗುಂಡು ತಾಗಿದರೂ ಈಟಿ ಹಿಡಿದು ಮುಂದೆ ಬರುತ್ತಾನೆ ಎಂದು. ವಿರೋಧದ ನಡುವೆಯೂ ನಿಷೇಧ ಅಂಗೀಕಾರವಾಯಿತು. ಅದು ಅನ್ವಯವಾಗುತ್ತಿದ್ದದ್ದು ಒಪ್ಪಿಕೊಂಡ ದೇಶಗಳ ನಡುವಿನ ಯುದ್ಧಕ್ಕೆ ಮಾತ್ರ. ವಸಾಹತಿನ ಜನರ ಮೇಲೆ ಹಾರಿಸುವ ಗುಂಡಿಗೂ ಸ್ವಂತ ಊರಿನ ಪೊಲೀಸರ ಗುಂಡಿಗೂ ಅದು ಅನ್ವಯವಾಗಲಿಲ್ಲ. ಇಂದು ಅಮೆರಿಕದ ಪೊಲೀಸರು ಬಳಸುವುದು ಟೊಳ್ಳು ತುದಿಯ, ಅರಳುವ ಗುಂಡನ್ನೇ.

ಎರಡನೆಯದು ಫಿಲಿಪ್ಪೀನ್ಸಿನದು. ಅಮೆರಿಕ ಆ ದ್ವೀಪಗಳನ್ನು ಹಿಡಿದ ಮೇಲೆ ದಕ್ಷಿಣದ ಮೋರೋ ಮುಸ್ಲಿಮರು ಪ್ರತಿರೋಧಿಸಿದರು. ಕತ್ತಿ ಹಿಡಿದು ಬರುವ ಮೋರೋ .38 ರಿವಾಲ್ವರಿನ ಗುಂಡಿಗೆ ನಿಲ್ಲುವುದಿಲ್ಲ ಎಂದು ಅಧಿಕಾರಿಗಳು ಬರೆದರು. 1904ರಲ್ಲಿ ಥಾಂಪ್ಸನ್ ಮತ್ತು ಲಗಾರ್ಡ್ ಎಂಬ ಇಬ್ಬರು ಸೇನಾಧಿಕಾರಿಗಳು ಶಿಕಾಗೋದ ಕಸಾಯಿಖಾನೆಯ ಜೀವಂತ ದನಗಳ ಮೇಲೂ ಮನುಷ್ಯರ ಶವಗಳ ಮೇಲೂ ಬಗೆಬಗೆಯ ಗುಂಡು ಹಾರಿಸಿ ನೋಡಿ, .45ಕ್ಕಿಂತ ಕಡಿಮೆ ಇರಬಾರದು ಎಂದು ವರದಿ ಕೊಟ್ಟರು. 1911ರಲ್ಲಿ ಅಮೆರಿಕದ ಸೇನೆ .45 ಪಿಸ್ತೂಲನ್ನು ಹಿಡಿಯಿತು. ನಡುವೆ 1906ರಲ್ಲಿ ಬುದ್ ದಾಹೊ ಎಂಬ ಆರಿದ ಜ್ವಾಲಾಮುಖಿಯ ನೆತ್ತಿಯಲ್ಲಿ ಆಶ್ರಯ ಪಡೆದಿದ್ದ ನೂರಾರು ಮೋರೋಗಳನ್ನು, ಹೆಂಗಸರು ಮಕ್ಕಳ ಸಮೇತ, ಅದೇ ಸೇನೆ ಕೊಂದಿತ್ತು. ಬೀಳುವುದಿಲ್ಲ ಎಂದು ವರದಿಯಾದವರು ಅಲ್ಲಿ ರಾಶಿಯಾಗಿ ಬಿದ್ದಿದ್ದರು.

ಮೂರನೆಯದು ನೇರವಾಗಿ ಪೊಲೀಸರದ್ದು. 1914ರ ಫೆಬ್ರವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಎಡ್ವರ್ಡ್ ಹಂಟಿಂಗ್‌ಟನ್ ವಿಲಿಯಮ್ಸ್ ಎಂಬ ವೈದ್ಯ ಒಂದು ಲೇಖನ ಬರೆದ. ಕೊಕೇನ್ ಸೇವಿಸಿದ ಕಪ್ಪು ಮನುಷ್ಯ ಗುಂಡಿಗೆ ಜಗ್ಗುವುದಿಲ್ಲ, ಆದ್ದರಿಂದ ದಕ್ಷಿಣ ರಾಜ್ಯಗಳ ಪೊಲೀಸರು ಹೆಚ್ಚು ಬಲದ ರಿವಾಲ್ವರುಗಳಿಗೆ ಬದಲಾಗುತ್ತಿದ್ದಾರೆ ಎಂದು. ನಾರ್ತ್ ಕರೋಲಿನಾದ ಆಶ್‌ವಿಲ್‌ನ ಪೊಲೀಸ್ ಮುಖ್ಯಸ್ಥನ ಅನುಭವವನ್ನು ಆತ ಉದಾಹರಣೆ ಕೊಟ್ಟ. ಕಪ್ಪು ಜನರಲ್ಲಿ ಕೊಕೇನ್ ಪಿಡುಗು ಹಬ್ಬಿದೆ ಎಂಬುದಕ್ಕೆ ಆಧಾರವಿರಲಿಲ್ಲ ಎಂದು ಇತಿಹಾಸಕಾರ ಡೇವಿಡ್ ಮಸ್ಟೋ 1973ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದಾರೆ. ದಕ್ಷಿಣದಲ್ಲಿ ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುತ್ತಿದ್ದ ಕಾಲವದು. ಗುಂಡಿಗೂ ಜಗ್ಗದ ದೈತ್ಯ ಎಂದು ಯಾರನ್ನು ಬಣ್ಣಿಸಿದರೋ ಅವರೇ ಮರಗಳಿಂದ ನೇತಾಡುತ್ತಿದ್ದರು.

ಇಷ್ಟನ್ನು ಜೋಡಿಸಿಕೊಂಡು ನನ್ನ ವಾದ ಮುಗಿಯಿತು ಅಂದುಕೊಂಡಿದ್ದೆ. ಮಯಾಮಿ ಅದನ್ನು ಕೆಡಿಸಿತು. ಪ್ಲಾಟ್ ಮತ್ತು ಮ್ಯಾಟಿಕ್ಸ್ ಬಿಳಿಯರು. ಅಮೆರಿಕದ ಸೇನೆಯಲ್ಲಿ ಸೇವೆ ಮಾಡಿದವರು, ಹೆಂಡತಿ ಮಕ್ಕಳನ್ನು ಕಂಡವರು. ಮಾದಕ ವಸ್ತುವಿನ ಉನ್ಮಾದವೂ ಅಲ್ಲ, ಮತದ ಉನ್ಮಾದವೂ ಅಲ್ಲ. ಅರ್ಡಾಗ್ ಹೇಳಿದ, ಗಾಯವಾದರೆ ಹಿಂದೆ ಸರಿಯುವ ‘ನಾಗರಿಕ ಸೈನಿಕ’ ಇವನೇ ಆಗಿರಬೇಕಿತ್ತು. ಇವನು ಎದೆಯಲ್ಲಿ ಗುಂಡು ಹೊತ್ತು ಮುಂದೆ ನಡೆದು ಬಂದ. ಅಲ್ಲಿ ಸತ್ತ ಇಬ್ಬರು ಏಜೆಂಟರು ಯಾರ ಕಲ್ಪನೆಯೂ ಅಲ್ಲ. ಡವ್‌ಗೆ ಆಗಿನ್ನೂ ಮೂವತ್ತು, ಈಗ ನನಗಿರುವ ವಯಸ್ಸಿಗಿಂತ ಎರಡು ಮೂರು ವರ್ಷ ಹೆಚ್ಚು ಅಷ್ಟೆ. ಆ ವರದಿಗಳನ್ನು ಓದುವಾಗ ನಾನು ಸಂಶೋಧಕಿಯಾಗಿ ಮಾತ್ರ ಕೂತಿರಲಿಲ್ಲ. ಬಂದೋಬಸ್ತಿಗೆ ಹೋದ ಅಪ್ಪ ರಾತ್ರಿ ಹನ್ನೊಂದಾದರೂ ಬಾರದಿದ್ದಾಗ ಬಾಗಿಲ ಚಿಲಕ ಹಾಕದೆ ಕೂರುತ್ತಿದ್ದ ಅಮ್ಮನ ಮಗಳಾಗಿಯೂ ಕೂತಿದ್ದೆ. ಪೊಲೀಸರ ಭಯವೆಲ್ಲ ಕಟ್ಟುಕಥೆ ಎಂದು ಬರೆಯಲು ಕೈ ಬರಲಿಲ್ಲ.

ಆದ್ದರಿಂದ ವಾದವನ್ನು ತಿದ್ದಿಕೊಳ್ಳಬೇಕಾಯಿತು. ಗುಂಡು ತಾಗಿದರೂ ಮನುಷ್ಯ ಬೀಳದಿರುವುದು ದೇಹದ ಸಾಮಾನ್ಯ ಗುಣ. ಅದು ಗಡಿಯ ಬುಡಕಟ್ಟಿನವನಿಗೂ ಮೋರೋಗೂ ಮಾಜಿ ಸೈನಿಕನಿಗೂ ಒಂದೇ. ಪ್ರಶ್ನೆ ಇರುವುದು ಆ ಅನುಭವವನ್ನು ಸಂಸ್ಥೆ ಹೇಗೆ ವಿವರಿಸುತ್ತದೆ ಎಂಬುದರಲ್ಲಿ. 1899ರಲ್ಲೂ 1914ರಲ್ಲೂ ವಿವರಣೆ ಎದುರಾಳಿಯ ಕುಲದಲ್ಲಿ ಸಿಕ್ಕಿತು: ಅವನು ನಮ್ಮಂಥವನಲ್ಲ, ಅದಕ್ಕೇ ಬೀಳಲಿಲ್ಲ. ಮಯಾಮಿಯಲ್ಲಿ ಎದುರಾಳಿ ನಮ್ಮಂಥವನೇ ಆಗಿದ್ದ. ಹಾಗಾಗಿ ವಿವರಣೆಯನ್ನು ಗುಂಡಿನಲ್ಲಿ ಹುಡುಕಿದರು, ಜೆಲಟಿನ್‌ನಲ್ಲಿ ಅಳೆದರು. ಜೆಲಟಿನ್‌ಗೆ ಜಾತಿಯಿಲ್ಲ, ಬಣ್ಣವಿಲ್ಲ. ಅಳತೆ ತಪ್ಪಾದರೆ ಮತ್ತೆ ಅಳೆಯಬಹುದು, ದೊಡ್ಡದು ಬೇಡವಾಗಿತ್ತು ಎಂದು ಒಪ್ಪಿಕೊಂಡು ಹಿಂದೆ ಬರಬಹುದು. ಎಫ್‌ಬಿಐ ಹಾಗೆ ಹಿಂದೆ ಬಂದಿತು. ಎದುರಿನವನು ದೈತ್ಯ ಎಂಬ ವಿವರಣೆಯಿಂದ ಹಾಗೆ ಹಿಂದೆ ಬರಲು ದಾರಿಯಿರುವುದಿಲ್ಲ. ದೈತ್ಯನಿಗೆ ಎಷ್ಟು ದೊಡ್ಡ ಗುಂಡೂ ಸಾಲದು.

ಕ್ಯಾಲಿಬರ್ ಎದುರಾಳಿಯ ಬಗ್ಗೆ ಮಾತ್ರವಲ್ಲ, ಬಂದೂಕು ಹಿಡಿಸಿದವರ ಬಗ್ಗೆಯೂ ಹೇಳುತ್ತದೆ ಎಂಬುದನ್ನು ನಮ್ಮ ದೇಶದ ಇನ್ನೊಂದು ಉದಾಹರಣೆಯಿಂದ ಕಲಿತೆ. 1857ರ ನಂತರ ಬ್ರಿಟಿಷರು ಭಾರತೀಯ ಸಿಪಾಯಿಗಳಿಗೆ ಕೊಟ್ಟ ಎನ್‌ಫೀಲ್ಡ್ ಬಂದೂಕುಗಳ ನಳಿಗೆಯೊಳಗಿನ ತಿರುಪುಗೆರೆಗಳನ್ನು ತೆಗೆದು ನುಣುಪು ಮಾಡಿದರು. ಗೆರೆ ಇಲ್ಲದಿದ್ದರೆ ಗುಂಡು ದೂರ ಹೋಗದು, ಗುರಿ ನೇರ ಬಾರದು. ಮುಂದೆ ಇಪ್ಪತ್ತನೆಯ ಶತಮಾನದಲ್ಲಿ ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ .303 ರೈಫಲುಗಳ ನಳಿಗೆಯನ್ನು .410ಕ್ಕೆ ನುಣುಪಾಗಿ ಅಗಲಿಸಿ, ತೋಟಾಗಳ ಗೂಡಿಗೆ ಮರದ ತುಂಡು ಹೊಡೆದು, ಒಂದು ಸಲಕ್ಕೆ ಒಂದೇ ತೋಟಾ ಹಾಕುವಂತೆ ಮಾಡಿ ಪೊಲೀಸರಿಗೂ ಕಾವಲಿನವರಿಗೂ ಕೊಟ್ಟರು. ಅದನ್ನು ‘ಮಸ್ಕೆಟ್’ ಎಂದು ಕರೆದರು. ಇಲ್ಲಿ ಸಂಖ್ಯೆ ದೊಡ್ಡದಾಯಿತು, ಶಕ್ತಿ ಕಡಿಮೆಯಾಯಿತು. ಆ ಬಂದೂಕು ಕದ್ದುಹೋದರೂ, ಹಿಡಿದವನೇ ತಿರುಗಿಬಿದ್ದರೂ, ಸೇನೆಯ ರೈಫಲಿಗೆ ಸಾಟಿಯಾಗದು. ಮಸ್ಕೆಟ್ಟಿನ ಅಳತೆಯಲ್ಲಿ ಸರಕಾರ ತನ್ನ ಪೊಲೀಸನ ಮೇಲೆ ಇಟ್ಟ ನಂಬಿಕೆಯ ಅಳತೆಯೂ ಇತ್ತು.

ಕೊನೆಯದಾಗಿ ನ್ಯೂಯಾರ್ಕಿನ ಮಾತು. 1896ರಲ್ಲಿ ಅಲ್ಲಿನ ಪೊಲೀಸ್ ಮಂಡಳಿಯ ಅಧ್ಯಕ್ಷನಾಗಿದ್ದ, ಮುಂದೆ ದೇಶದ ಅಧ್ಯಕ್ಷನಾದ ಥಿಯೋಡರ್ ರೂಸ್ವೆಲ್ಟ್ ಎಲ್ಲ ಪೊಲೀಸರಿಗೂ ಒಂದೇ ಬಗೆಯ .32 ಕೋಲ್ಟ್ ರಿವಾಲ್ವರ್ ಗೊತ್ತು ಮಾಡಿದ. ಅದಕ್ಕೂ ಮೊದಲು ಅವರವರಿಗೆ ತೋಚಿದ ಆಯುಧ ಇಟ್ಟುಕೊಳ್ಳುತ್ತಿದ್ದರು. ಆ ಬದಲಾವಣೆಯ ಹಿಂದೆ ಬೀಳದ ದೇಹವೇನೂ ಇರಲಿಲ್ಲ. ಶಿಸ್ತು, ತರಬೇತಿ, ಎಲ್ಲರಿಗೂ ಒಂದೇ ತೋಟಾ ಎಂಬ ಆಡಳಿತದ ಜಾಣತನ ಇತ್ತು. ನಂತರ .38 ಬಂತು. 1993ರಲ್ಲಿ ಆರು ಗುಂಡಿನ ರಿವಾಲ್ವರ್ ಬಿಟ್ಟು 9 ಮಿ.ಮೀ. ಪಿಸ್ತೂಲು ಹಿಡಿಯಲು ಆರಂಭಿಸಿದರು. ಕಳ್ಳರ ಕೈಯಲ್ಲಿ ನಮಗಿಂತ ಹೆಚ್ಚು ಗುಂಡಿವೆ ಎಂಬುದು ಆಗಿನ ಕಾರಣ.

1999ರ ಫೆಬ್ರವರಿ 4ರ ರಾತ್ರಿ ಬ್ರಾಂಕ್ಸ್‌ನಲ್ಲಿ ನಾಲ್ವರು ಪೊಲೀಸರು ಗಿನಿ ದೇಶದಿಂದ ಬಂದಿದ್ದ 23ರ ಯುವಕ ಅಮಾಡು ಡಿಯಾಲೊ ಮೇಲೆ ಅವನ ಮನೆಯ ಬಾಗಿಲಲ್ಲೇ 41 ಗುಂಡು ಹಾರಿಸಿದರು. 19 ತಾಗಿದವು. ಪಿಸ್ತೂಲು ತೆಗೆಯುತ್ತಿದ್ದಾನೆ ಅಂದುಕೊಂಡೆವು ಎಂದರು. ಅವನ ಕೈಯಲ್ಲಿ ಇದ್ದದ್ದು ಹಣದ ಪರ್ಸು. ಮರುವರ್ಷ ನ್ಯಾಯಾಲಯ ನಾಲ್ವರನ್ನೂ ಬಿಡುಗಡೆ ಮಾಡಿತು. 2008ರಲ್ಲಿ ರ‍್ಯಾಂಡ್ ಸಂಸ್ಥೆ ಅದೇ ಇಲಾಖೆಯ ಹಲವು ವರ್ಷಗಳ ದಾಖಲೆ ನೋಡಿ ಹೇಳಿದ್ದು: ಎದುರಿನಿಂದಲೂ ಗುಂಡು ಬರುತ್ತಿದ್ದಾಗ ಪೊಲೀಸರ ನೂರು ಗುಂಡಿನಲ್ಲಿ ಹದಿನೆಂಟು ತಾಗುತ್ತವೆ, ಎದುರಿನಿಂದ ಬರದಿದ್ದಾಗ ಮೂವತ್ತು. ಉಳಿದವು ಗೋಡೆಗೆ, ಕಾರಿಗೆ, ಕೆಲವೊಮ್ಮೆ ದಾರಿಹೋಕರಿಗೆ. ಡಿಯಾಲೊ ಪ್ರಕರಣದಲ್ಲಿ ಗುಂಡು ಎಷ್ಟು ದಪ್ಪವಿರಬೇಕು ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಅಲ್ಲಿ ಕೇಳಬೇಕಾದದ್ದು ಮೊದಲ ಗುಂಡು ಯಾಕೆ ಹಾರಿತು ಎಂದು. ಅದನ್ನು ಯಾವ ಜೆಲಟಿನ್ ದಿಮ್ಮಿಯಲ್ಲೂ ಅಳೆಯಲಾಗದು.

ಕಳೆದ ತಿಂಗಳು ಅಧ್ಯಾಯದ ಕರಡು ಮುಗಿಸಿ ಊರಿಗೆ ಹೋಗಿದ್ದೆ. ಅಪ್ಪನಿಗೆ ಮಯಾಮಿಯ ಕಥೆ ಪೂರ್ತಿ ಹೇಳಿದೆ. ಗುಂಡಿನ ಭಾಗ ಬಂದಾಗ ಸುಮ್ಮನಿದ್ದರು. ಗ್ರೋಗನ್ ಅವರ ಕನ್ನಡಕ ಬಿದ್ದುಹೋದದ್ದನ್ನು ಹೇಳಿದಾಗ ತಮ್ಮ ಕನ್ನಡಕ ತೆಗೆದು ಲುಂಗಿಯ ಅಂಚಿಗೆ ಒರೆಸಿಕೊಂಡರು. “ಅದಕ್ಕೊಂದು ದಾರ ಕಟ್ಕೊಂಡಿದ್ರೆ ಆಗ್ತಿತ್ತಲ್ಲಮ್ಮ” ಅಂದರು.

ಆಮೇಲೆ ನ್ಯೂಯಾರ್ಕಿನ ಹುಡುಗನ ವಿಷಯ ಹೇಳಿದೆ. ಎಷ್ಟು ಗುಂಡು ಎಂದು ಎರಡು ಸಲ ಕೇಳಿದರು. ತಮ್ಮ ಕಾಲದಲ್ಲಿ ಪ್ರಾಕ್ಟೀಸಿನಲ್ಲಿ ಹಾರಿಸಿದ ಒಂದೊಂದು ಗುಂಡಿಗೂ ಖಾಲಿ ತೋಟಾ ಹುಡುಕಿ ತಂದು ಲೆಕ್ಕ ಒಪ್ಪಿಸಬೇಕಿತ್ತು, ಹುಲ್ಲಿನಲ್ಲಿ ಒಂದು ಕಳೆದುಹೋದರೆ ಸಂಜೆಯವರೆಗೂ ಹುಡುಕುತ್ತಿದ್ದೆವು ಎಂದರು. ನನಗೆ ಅವರ ಮೊದಲಿನ ಮಾತು ನೆನಪಿತ್ತು. ಯಾರಾದರೂ ಸತ್ತ ಮೇಲೆ ಬದಲಾಯಿಸುತ್ತಾರೆ ಎಂದಿದ್ದಿರಲ್ಲ, ಯಾರು ಸತ್ತರೆ ಎಂದು ಕೇಳಿದೆ.

ಅಪ್ಪ ಉತ್ತರ ಕೊಡಲಿಲ್ಲ. ಅಮ್ಮ ಊಟಕ್ಕೆ ಕರೆದಳು, ಎದ್ದು ಹೋದೆವು. ನನ್ನ ಅಧ್ಯಾಯದ ಕೊನೆಯ ಪುಟದಲ್ಲಿ ಆ ಪ್ರಶ್ನೆಯನ್ನು ಹಾಗೆಯೇ ಬರೆದಿಟ್ಟಿದ್ದೇನೆ.